ಹಿತ್ತಲಿನಿಂದ ಒಳಮನೆಗೆ: ಕಡೂರು ಸೀಮೆಯ ಕಕ್ಕಸಿನ ಕಥನ

ಬಯಲುಸೀಮೆಯ ಕಡೂರು, ಮಲೆನಾಡಿನ ಅಂಚಿಗೆ ತಾಗಿದ ತರೀಕೆರೆ, ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾದ ಅಜ್ಜಂಪುರ, ಈ ಮೂರೂ ಕಡೆಗಳ ಮನೆಗಳಲ್ಲಿ ಕಳೆದ ಅರ್ಧ ಶತಮಾನದಲ್ಲಿ ಅತಿ ಹೆಚ್ಚು ಬದಲಾದ ಭಾಗವೆಂದರೆ ಶೌಚಾಲಯ. ಬಯಲಿಗೆ ಹೋಗುತ್ತಿದ್ದವರ ಮೊಮ್ಮಕ್ಕಳು ಇಂದು ಒಡೆದ ಕಮೋಡನ್ನು ತಾವೇ ಕಿತ್ತು ಹೊಸದನ್ನು ಕೂರಿಸುತ್ತಿದ್ದಾರೆ. ಈ ಎರಡು ತಲೆಮಾರುಗಳ ಅಂತರವನ್ನು ಕಣ್ಣಾರೆ ಕಂಡವರು ಇನ್ನೂ ಇರುವುದರಿಂದ, ಕೊಳವೆ ಮತ್ತು ಪಿಂಗಾಣಿಯ ಚರಿತ್ರೆಯ ಜೊತೆಗೆ, ಕಕ್ಕಸನ್ನು ಯಾರು ಮುಟ್ಟಬೇಕೆಂಬುದಕ್ಕೆ ಜಾತಿ ವಿಧಿಸಿದ್ದ ಕಟ್ಟು ಹೇಗೆ ಸಡಿಲವಾಯಿತು ಎಂಬುದನ್ನೂ ದಾಖಲಿಸಲು ಸಾಧ್ಯವಿದೆ.

ಹಿರಿಯರು ನೆನೆಯುವಂತೆ, ಹಳ್ಳಿಗಳಲ್ಲಿ ಕೆರೆಯ ಹಿಂಬದಿ, ಹೊಲದ ಬದು, ಬೇಲಿಯ ಮರೆಗಳೇ ಶೌಚದ ಜಾಗಗಳಾಗಿದ್ದವು; ಹೆಂಗಸರು ಚೊಂಬು ಹಿಡಿದು ಬೆಳಗು ಹರಿಯುವ ಮುನ್ನ ಅಥವಾ ಕತ್ತಲಾದ ಮೇಲೆ ಹೊರಡಬೇಕಾಗಿತ್ತು. ಪೇಟೆಯ ಅನುಕೂಲಸ್ಥರ ಮನೆಗಳ ಹಿತ್ತಲಿನಲ್ಲಿ ಒಣ ಕಕ್ಕಸುಗಳಿದ್ದವು. ನೀರು ಸುರಿದು ಸಾಗಿಸುವ ಏರ್ಪಾಡಿಲ್ಲದೆ, ಕೆಳಗೆ ಬಿದ್ದ ಮಲವನ್ನು ಹಿಂದಿನ ಕಿಂಡಿಯಿಂದ ಮನುಷ್ಯರೇ ಬಳಿದು ಹೊರಬೇಕಾಗಿದ್ದ ಕಟ್ಟಡಕ್ಕೆ ಆ ಹೆಸರು. ಈ ಕೆಲಸ ಮಾಡುವವರಿಗೆ ಹಿಂದಿನ ಓಣಿಯಿಂದ ಮಾತ್ರ ಪ್ರವೇಶವಿದ್ದುದರಿಂದ ಮನೆಯವರಿಗೆ ಅವರ ಮುಖಪರಿಚಯವೂ ಇರುತ್ತಿರಲಿಲ್ಲ.

ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಒಣ ಕಕ್ಕಸು ಕಟ್ಟುವುದನ್ನೂ ಅದನ್ನು ಬಳಿಯಲು ಆಳು ನೇಮಿಸುವುದನ್ನೂ ತಡೆಯುವ ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದು, ಆಜ್ಞೆಗೂ ಆಚರಣೆಗೂ ಎಷ್ಟು ದೂರವಿತ್ತೆಂಬುದನ್ನು ನಾಡಿಗೆಲ್ಲ ತೋರಿಸಿತು. 2013ರ ಕಾಯ್ದೆಯು ಚರಂಡಿ ಹಾಗೂ ಸೆಪ್ಟಿಕ್ ಟ್ಯಾಂಕುಗಳ ಅಪಾಯಕರ ಸ್ವಚ್ಛತೆಯನ್ನೂ ನಿಷೇಧದೊಳಕ್ಕೆ ತಂದಿತು.

ಒಣ ಕಕ್ಕಸಿನ ಸ್ಥಾನಕ್ಕೆ ಬಂದದ್ದು ನೀರಿನ ಕಕ್ಕಸು. ಕುಕ್ಕುರುಗಾಲಿನಲ್ಲಿ ಕೂರುವ ಬೇಸಿನ್ನು, ಅದರಡಿ ಸದಾ ನೀರು ನಿಂತು ಗುಂಡಿಯ ವಾಸನೆಯನ್ನು ತಡೆಯುವ ಬಾಗಿದ ಟ್ರ್ಯಾಪು, ಅಲ್ಲಿಂದ ಹಿತ್ತಲ ಗುಂಡಿಗೆ ಹೋಗುವ ಕೊಳವೆ, ಇಷ್ಟು ಅದರ ಅಂಗಗಳು. ಬೇಸಿನ್ನು ಗಾರೆಯಲ್ಲಿ ಹುದುಗಿರುತ್ತಿದ್ದುದರಿಂದ ಅದನ್ನು ಬದಲಿಸಲು ನೆಲವನ್ನೇ ಒಡೆಯಬೇಕಾಗಿತ್ತು. ಹೊಸ ಕಕ್ಕಸು ಕಟ್ಟಲು ಒಪ್ಪುತ್ತಿದ್ದ ಗಾರೆ ಕೆಲಸದವರು ಬಳಸಿದ ಕಕ್ಕಸನ್ನು ಕೀಳಲು ಹಿಂಜರಿಯುತ್ತಿದ್ದರು. ಹಾಗಾಗಿ ಬಿರುಕುಬಿಟ್ಟ ಬೇಸಿನ್ನಿಗೆ ಸಿಮೆಂಟು ಮೆತ್ತಿ ವರ್ಷಗಟ್ಟಲೆ ದೂಡುವುದು ಸಾಮಾನ್ಯವಾಗಿತ್ತು.

ಮೂರು ಊರುಗಳ ನೆಲವೂ ನೀರೂ ಬೇರೆಯಾದುದರಿಂದ ಕಕ್ಕಸಿನ ಕಷ್ಟಗಳೂ ಬೇರೆಯಾಗಿದ್ದವು. ಕಡೂರಿನ ಕೆಂಪುಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆಯಾದರೂ ಅಲ್ಲಿ ನೀರಿಗೇ ಬರ. ಕೊಳವೆಬಾವಿಯ ಗಡಸು ನೀರು ಬೇಸಿನ್ನಿಗೆ ಬಿಳಿ ಪೊರೆ ಕಟ್ಟಿ, ಫ್ಲಶ್ ಟ್ಯಾಂಕಿನ ಒಳಭಾಗಗಳನ್ನು ಬಿಗಿಯುವಂತೆ ಮಾಡುತ್ತದೆ. ಅಜ್ಜಂಪುರದ ಸುತ್ತಲಿನ ಕಪ್ಪು ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಅದರ ಮೇಲೆ ಕೂರಿಸಿದ ಕೊಳವೆಯ ಸಂದುಗಳು ಬಾಯಿಬಿಡುತ್ತವೆ, ಗುಂಡಿಯ ನೀರೂ ಸುಲಭವಾಗಿ ಇಂಗುವುದಿಲ್ಲ. ಅಡಿಕೆ ತೋಟಗಳೂ ಭದ್ರಾ ನಾಲೆಗಳೂ ಇರುವ ತರೀಕೆರೆ ಕಡೆಯ ತಗ್ಗು ಜಾಗಗಳಲ್ಲಿ ಮಳೆಗಾಲಕ್ಕೆ ಅಂತರ್ಜಲವೇ ಮೇಲೇರಿ ಗುಂಡಿ ತುಂಬುತ್ತದೆ.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನವು ಗ್ರಾಮೀಣ ಕುಟುಂಬಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ನೀಡಿ, ಅವಳಿ ಗುಂಡಿಯ ವಿಧಾನವನ್ನು ಹಳ್ಳಿಗಳಿಗೆ ಶಿಫಾರಸು ಮಾಡಿತು. ಒಂದು ಗುಂಡಿ ತುಂಬಿದೊಡನೆ ಹರಿವನ್ನು ಇನ್ನೊಂದಕ್ಕೆ ತಿರುಗಿಸಿದರೆ, ಮುಚ್ಚಿಟ್ಟ ಗುಂಡಿಯಲ್ಲಿನ ಮಲ ಒಂದೆರಡು ವರ್ಷಗಳಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಕಡಿದಾದ ಇಳಿಜಾರಿನ ಗ್ರಾಮೀಣ ಬೇಸಿನ್ನಿಗೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕಾಗುವುದರಿಂದ, ಹಳೆಯ ಫ್ಲಶ್ ಟ್ಯಾಂಕು ಒಮ್ಮೆಗೆ ಹತ್ತು ಲೀಟರಿಗೂ ಮಿಕ್ಕಿ ಸುರಿಯುತ್ತಿದ್ದುದನ್ನು ನೆನೆದರೆ, ಕಡೂರಿನಂಥ ಬರದ ಸೀಮೆಗೆ ಇದೇ ಹೊಂದುತ್ತದೆ. ಆದರೆ ಅನೇಕರು ಒಂದೇ ಆಳವಾದ ಗುಂಡಿಗೆ ಸಿಮೆಂಟ್ ರಿಂಗುಗಳನ್ನು ಇಳಿಸಿ ಕೆಲಸ ಮುಗಿಸಿದರು.

ಮನೆಯವರೇ ಕೈಹಾಕುವ ರೂಢಿ ಬಂದದ್ದು ಇದಕ್ಕೆ ಸಮಾನಾಂತರವಾಗಿ. ಬೀಡುಕಬ್ಬಿಣದ ಭಾರವಾದ ಕೊಳವೆಗಳ ಜಾಗಕ್ಕೆ ಗರಗಸದಲ್ಲಿ ಕೊಯ್ದು ಅಂಟಿನಿಂದ ಜೋಡಿಸಬಹುದಾದ ಪಿವಿಸಿ ಪೈಪು ಬಂದಿತು. ಮೊಣಕಾಲು ನೋವಿನ ವೃದ್ಧರಿಗಾಗಿ ಕಮೋಡು ಬಂದಿತು. ನೆಲದ ಮೇಲೆ ಬೋಲ್ಟಿನಿಂದ ಕೂರುವ ಕಮೋಡನ್ನು ಬದಲಿಸಲು ನೆಲ ಒಡೆಯಬೇಕಾಗಿಲ್ಲ. ಗೋಡೆಯಿಂದ ಹೊರಹರಿವಿನ ಬಾಯಿಯ ನಡುವಿನವರೆಗೆ ಎಷ್ಟು ಅಂತರವಿದೆಯೆಂದು ಅಳೆದುಕೊಂಡ ಮೇಲೆಯೇ ಹೊಸದನ್ನು ಕೊಳ್ಳಬೇಕು. ಕೊಳವೆ ನೆಲಕ್ಕಿಳಿಯುತ್ತದೆಯೋ ಗೋಡೆಗೆ ಹೋಗುತ್ತದೆಯೋ ಎಂಬುದನ್ನೂ ನೋಡಬೇಕು. ನಲ್ಲಿ ಮುಚ್ಚಿ, ಟ್ಯಾಂಕು ಖಾಲಿಮಾಡಿ, ಟ್ರ್ಯಾಪಿನ ನೀರನ್ನು ಹಿಂಡಿ ತೆಗೆದು, ಬೋಲ್ಟು ಬಿಚ್ಚಿ ಎತ್ತಿದ ಕೂಡಲೇ ಗುಂಡಿಯ ಅನಿಲ ಒಳಬರದಂತೆ ಕೊಳವೆಯ ಬಾಯಿಗೆ ಬಟ್ಟೆ ತುರುಕಲಾಗುತ್ತದೆ. ಹಳೆಯ ಗಾರೆ ಕೆರೆದು, ಆ ಬಟ್ಟೆಯನ್ನು ಮರೆಯದೆ ತೆಗೆದು, ರಸಮಟ್ಟ ಇಟ್ಟು ಹೊಸ ಕಮೋಡು ಕೂರಿಸಿ, ಎರಡೂ ಬದಿಯ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಒಂದೇ ಬದಿಯನ್ನು ಬಲವಾಗಿ ಬಿಗಿದರೆ ಪಿಂಗಾಣಿ ಸೀಳುತ್ತದೆ. ಎರೆನೆಲದ ಮನೆಗಳಲ್ಲಿ ಸಂದಿಗೆ ಗಟ್ಟಿ ಸಿಮೆಂಟಿಗಿಂತ, ಬಾಗಿ ಬಳುಕುವ ರಬ್ಬರ್ ಜೋಡಣೆಯೇ ಬಾಳಿಕೆ ಬರುತ್ತದೆ.

ಕೆಲಸದ ಕಷ್ಟ ಕಡಿಮೆಯಾಯಿತೆಂಬುದು ನಿಜವಾದರೂ, ಮೊದಲು ಹಣವಿದ್ದವರೂ ಮುಟ್ಟದಿದ್ದ ವಸ್ತುವನ್ನು ಇಂದು ಎಲ್ಲ ಜಾತಿಯ ಮನೆಗಳಲ್ಲೂ ಗಂಡಸರು, ಹೆಂಗಸರು ಕೈಯಾರೆ ತೊಳೆದು, ಕಿತ್ತು, ಕೂರಿಸುತ್ತಿರುವುದೇ ಈ ಬದಲಾವಣೆಯ ಸಾರ. ಅದು ಇನ್ನೂ ಅರ್ಧ ದಾರಿಯಲ್ಲಿದೆ, ಏಕೆಂದರೆ ಕಮೋಡಿನವರೆಗೆ ಬಂದ ಕೈ ಗುಂಡಿಯ ಮುಚ್ಚಳದ ಬಳಿ ನಿಂತು, ಆ ಕೆಲಸಕ್ಕೆ ಈಗಲೂ ಹಿಂದಿನ ಓಣಿಯವರನ್ನೇ ಹುಡುಕುವುದುಂಟು. ಗುಂಡಿಯ ವಿಷಾನಿಲ ಕೆಲವೇ ಕ್ಷಣಗಳಲ್ಲಿ ಪ್ರಾಣ ತೆಗೆಯಬಲ್ಲುದರಿಂದ ಮನೆಯವರಾಗಲಿ ಕೂಲಿಯವರಾಗಲಿ ಅದರೊಳಗೆ ಇಳಿಯಕೂಡದು. ಗುಂಡಿ ತುಂಬಿದರೆ ಕರೆಸಬೇಕಾದದ್ದು ಮನುಷ್ಯರನ್ನಲ್ಲ, ಹೀರುವ ಯಂತ್ರದ ವಾಹನವನ್ನು.