ಕಾಪಿಪುಸ್ತಕದ ಕೊನೆಯ ಸಾಲು

ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳಿರುವ ಮನೆಗಳಲ್ಲಿ ಒಂದು ಸಣ್ಣ ಯುದ್ಧ ನಡೆಯುವುದುಂಟು. ರಣರಂಗವೆಂದರೆ ನಾಲ್ಕು ಗೆರೆಗಳ ಕಾಪಿಪುಸ್ತಕ. ಆಯುಧವೆಂದರೆ ತುದಿಯನ್ನು ಕಚ್ಚಿ ಕಚ್ಚಿ ಸವೆಸಿದ ಪೆನ್ಸಿಲು. “ಇನ್ನೊಂದು ಪುಟಾ ಬರಿ, ಆಮ್ಯಾಲ ಊಟ” ಎಂದು ತಾಯಿಯ ಆಜ್ಞೆ. “ಕೈ ನೋಯಾಕ ಹತ್ತೈತವ್ವಾ” ಎಂದು ಮಗುವಿನ ಮನವಿ. ನಡುವೆ ತಂದೆ ವೃತ್ತಪತ್ರಿಕೆಯಿಂದ ತಲೆಯೆತ್ತಿ, ತನ್ನ ಕಾಲದಲ್ಲಿ ಮುತ್ತಿನಂಥ ಅಕ್ಷರ ಬರೆಯುತ್ತಿದ್ದರೆಂದು ಸಾರಿ ಮತ್ತೆ ತಲೆತಗ್ಗಿಸುತ್ತಾನೆ. ಆ ಮುತ್ತುಗಳನ್ನು ಈಗ ತೋರಿಸೆಂದು ಯಾರೂ ಕೇಳುವುದಿಲ್ಲವಾದ್ದರಿಂದ ಅವನ ಮಾನ ಉಳಿಯುತ್ತದೆ. ವಿಜಯಪುರದ ಪಶ್ಚಿಮಕ್ಕೆ, ಬೆಳೆಯುತ್ತಿರುವ ನಗರವು ಕೈಚಾಚಿ ಮುಟ್ಟಿರುವ ತೊರವಿಯ ಮನೆಗಳಿಗೂ ಈ ಯುದ್ಧದಿಂದ ವಿನಾಯಿತಿಯಿಲ್ಲ.

ಕಾಪಿಪುಸ್ತಕದ ಪುಟವೊಂದನ್ನು ಸಾವಧಾನದಿಂದ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಮೊದಲ ಸಾಲು ಅಚ್ಚಿನದು, ಅದಕ್ಕೆ ಕುಂದಿಲ್ಲ. ಅದರ ಕೆಳಗಿನ ಸಾಲನ್ನು ಮಗು ನಾಲಗೆಯ ತುದಿಯನ್ನು ತುಟಿಯಂಚಿಗೆ ತಂದು, ಉಸಿರು ಬಿಗಿಹಿಡಿದು ಬರೆಯುತ್ತದೆ. ಮೂರನೆಯ ಸಾಲಿಗೆ ಬರುವಾಗ ಅದರ ಕಣ್ಣು ಅಚ್ಚಿನ ಸಾಲಿನವರೆಗೆ ಏರುವ ಶ್ರಮವನ್ನು ಬಿಟ್ಟು, ಹತ್ತಿರದಲ್ಲಿಯೇ ಇರುವ ಎರಡನೆಯ ಸಾಲಿನ ಮೇಲೆ ನಿಲ್ಲುತ್ತದೆ. ಎರಡನೆಯದರಲ್ಲಿ ಸ್ವಲ್ಪ ವಾಲಿದ್ದ ಅಕ್ಷರ ಮೂರನೆಯದರಲ್ಲಿ ಇನ್ನಷ್ಟು ವಾಲುತ್ತದೆ. ಕೊನೆಯ ಸಾಲಿನಲ್ಲಿ ನೆಲಕ್ಕೇ ಒರಗುತ್ತದೆ. ಹೀಗೆ ಮಗು ಅಚ್ಚಿನ ಅಕ್ಷರವನ್ನು ಒಮ್ಮೆ ಕಲಿತರೆ ತನ್ನ ತಪ್ಪನ್ನು ಹತ್ತು ಸಲ ಕಲಿಯುತ್ತದೆ. ಪುಟವೇನೋ ತುಂಬಿತು, ಊಟವೂ ಸಿಕ್ಕಿತು.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ಸೊಗಸಾಗಿ ತುಂಬಿದ ಪುಟವನ್ನು ತೋರಿಸಿ “ಏನು ಬರೆದಿದ್ದೀಯೆ, ಓದು” ಎಂದಾಗ ಕೆಲವು ಮಕ್ಕಳು ಸುಮ್ಮನಾಗುತ್ತಾರೆ. ಅವರು ಬರೆದಿಲ್ಲ, ಚಿತ್ರಿಸಿದ್ದಾರೆ. ಐದನೆಯ ತರಗತಿಯ ಅನೇಕ ಮಕ್ಕಳು ಎರಡನೆಯ ತರಗತಿಯ ಪಾಠವನ್ನು ನಿರರ್ಗಳವಾಗಿ ಓದಲಾರರೆಂದು ದೇಶಾದ್ಯಂತ ನಡೆಯುವ ‘ಅಸರ್’ ಸಮೀಕ್ಷೆಗಳು ೨೦೦೫ರಿಂದ ಹೇಳುತ್ತಲೇ ಬಂದಿವೆ. ಆ ಮಕ್ಕಳೂ ಪುಟಗಟ್ಟಲೆ ಬರೆದವರೇ. ಕೈ ಒಂದು ದಾರಿಯಲ್ಲಿ, ಕಣ್ಣು ಒಂದು ದಾರಿಯಲ್ಲಿ, ಮನಸ್ಸು ಮೂರನೆಯ ದಾರಿಯಲ್ಲಿ ನಡೆದರೆ ವಿದ್ಯೆ ಯಾವ ಮನೆಯನ್ನು ಸೇರಬೇಕು?

ಈ ಪ್ರಶ್ನೆಯನ್ನು ತೊರವಿಯಲ್ಲಿ ನಿಂತು ಕೇಳುವುದಕ್ಕೆ ಒಂದು ಔಚಿತ್ಯವಿದೆ. ಬರೆವಣಿಗೆಯ ಮೂರು ಬಗೆಗಳು ಈ ಊರನ್ನೂ ಇದರ ಸುತ್ತಣ ಸೀಮೆಯನ್ನೂ ಹಾದುಹೋಗಿವೆ. ಮೂರಕ್ಕೂ ಮಕ್ಕಳ ಕಾಪಿಪುಸ್ತಕಕ್ಕೆ ಹೇಳುವ ಮಾತೊಂದೊಂದಿದೆ.

ಮೊದಲನೆಯದು ಓಲೆಗರಿಯ ಬರೆಹ. ತೊರವೆಯ ನರಸಿಂಹನನ್ನು ಆರಾಧ್ಯದೈವವಾಗಿ ನೆನೆದು ನರಹರಿಯೆಂಬ ಕವಿ ಸುಮಾರು ೧೫೦೦ರ ಆಸುಪಾಸಿನಲ್ಲಿ ಭಾಮಿನೀ ಷಟ್ಪದಿಯ ರಾಮಾಯಣವನ್ನು ರಚಿಸಿದನು. ಕುಮಾರ ವಾಲ್ಮೀಕಿಯೆಂದು ಅವನಿಗೆ ಹೆಸರಾಯಿತು. ಕಾವ್ಯಕ್ಕೆ ಊರಿನ ಹೆಸರೇ ನಿಂತು ‘ತೊರವೆ ರಾಮಾಯಣ’ವಾಯಿತು. ಐದು ಸಾವಿರಕ್ಕೂ ಮಿಕ್ಕ ಪದ್ಯಗಳ ಆ ಗ್ರಂಥ ಅಚ್ಚಿನ ಯಂತ್ರ ಬರುವವರೆಗೆ ಬದುಕಿದ್ದು ಕೈಬರೆಹದಲ್ಲಿ. ಕಬ್ಬಿಣದ ಕಂಠದಿಂದ ಗರಿಯನ್ನು ಕೊರೆದು, ಮೇಲೆ ಮಸಿ ಸವರಿ ಒರೆಸಿದರೆ ಅಕ್ಷರ ಕಪ್ಪಾಗಿ ಎದ್ದುಬರುತ್ತಿತ್ತು. ಎಳೆಯುದ್ದಕ್ಕೆ ನೇರ ಗೀಟು ಎಳೆದರೆ ಗರಿ ಸೀಳಬಹುದೆಂದೇ ಕನ್ನಡದ ಅಕ್ಷರಗಳು ದುಂಡಗಾದುವೆಂದು ಹೇಳುವುದುಂಟು. ಓಲೆಯಲ್ಲಿ ಪದಪದಗಳ ನಡುವೆ ತೆರಪು ಬಿಡುವ ರೂಢಿಯಿರಲಿಲ್ಲ. ಬಾಯಿಬಿಟ್ಟು ಓದಿದವನಿಗೆ ಮಾತ್ರ ಪದಗಳು ಬಿಡಿಬಿಡಿಯಾಗಿ ಸಿಕ್ಕುತ್ತಿದ್ದುವು. ಪ್ರತಿಯ ಕೊನೆಯಲ್ಲಿ ಲಿಪಿಕಾರನು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬಲ್ಲವರನ್ನು ಬೇಡಿಕೊಳ್ಳುವುದೂ ವಾಡಿಕೆ. ಬರೆಯುವಾಗ ಅವನ ಕಣ್ಣ ಮುಂದೆ ಒಬ್ಬ ಓದುಗನಿದ್ದನೆಂಬುದಕ್ಕೆ ಆ ಬೇಡಿಕೆಯೇ ಸಾಕ್ಷಿ.

ಎರಡನೆಯದು ಅರಮನೆಯ ಬರೆಹ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನು ೧೫೯೯ರಲ್ಲಿ ತೊರವಿಯ ಬಳಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನು. ಅವನು ಸ್ವತಃ ಹಾಡುಗಳನ್ನು ಕಟ್ಟುತ್ತಿದ್ದವನು. ‘ಕಿತಾಬ್-ಎ-ನವರಸ್’ ಎಂಬ ತನ್ನ ಹಾಡುಗಳ ಪುಸ್ತಕದಲ್ಲಿ ಸರಸ್ವತಿಯನ್ನು ಸ್ತುತಿಸಿದವನು. ಅವನ ಆಸ್ಥಾನದಲ್ಲಿ ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಸುಂದರಲಿಪಿಕಾರನಿದ್ದನು. ಆತ ದೊರೆಯ ಪುಸ್ತಕವನ್ನು ಬರೆದೊಪ್ಪಿಸಿದಾಗ ‘ಲೇಖನಿಯ ಬಾದಶಹ’ನೆಂಬ ಬಿರುದು ದೊರೆಯಿತು. ಅಕ್ಷರ ಚೆನ್ನಾಗಿದ್ದುದಕ್ಕೆ ಒಬ್ಬ ಅರಸನು ಇನ್ನೊಬ್ಬನನ್ನು ಬಾದಶಹನೆಂದು ಕರೆದ ಪ್ರಸಂಗ ಪ್ರಪಂಚದಲ್ಲಿ ಎಷ್ಟು ಸಿಕ್ಕೀತು! ಈ ವಿದ್ಯೆಯನ್ನು ಕಲಿಸುತ್ತಿದ್ದ ಕ್ರಮ ಕೇಳತಕ್ಕದ್ದು. ಗುರುವು ಹಾಳೆಯ ಮೇಲ್ಗಡೆ ಒಂದು ಮಾದರಿ ಸಾಲನ್ನು ಬರೆದುಕೊಡುವನು. ಶಿಷ್ಯನು ಅದರ ಕೆಳಗೆ ಅಭ್ಯಾಸಮಾಡಿ ತಂದೊಪ್ಪಿಸುವನು. ಲೇಖನಿಯ ಮೊನೆಯಿಂದ ಇಟ್ಟ ಚುಕ್ಕೆಗಳನ್ನೇ ಅಳತೆಗೋಲಾಗಿ ಮಾಡಿಕೊಂಡು ಗುರುವು ಓರೆಕೋರೆಗಳನ್ನು ತೋರಿಸಿಕೊಡುವನು. ಇಂದಿನ ಕಾಪಿಪುಸ್ತಕ ಈ ಪದ್ಧತಿಯ ಮೊದಲ ಅರ್ಧವನ್ನು ಮಾತ್ರ ಉಳಿಸಿಕೊಂಡಂತಿದೆ. ಮಾದರಿ ಸಾಲು ಇದೆ. ಸಾಲುಸಾಲಿಗೂ ಬಂದು ಕೂಡುವ ಗುರುವಿನ ಕಣ್ಣಿಲ್ಲ.

ಮೂರನೆಯದು ಕಚೇರಿಯ ಬರೆಹ. ಮರಾಠಿಯ ಆಡಳಿತ ನಡೆದ ಕಾಲದಲ್ಲಿ ಈ ಸೀಮೆಯ ಲೆಕ್ಕಪತ್ರಗಳಿಗೆ ಮೋಡಿ ಲಿಪಿ ಬಂದಿತು. ಹಾಳೆಯ ಅಡ್ಡಲಾಗಿ ಮೊದಲೇ ಗೀಟೆಳೆದು, ಅದಕ್ಕೆ ಅಕ್ಷರಗಳನ್ನು ತೂಗುಹಾಕುತ್ತ, ಲೇಖನಿಯನ್ನು ಆದಷ್ಟು ಮೇಲೆತ್ತದೆ ಓಡಿಸುವ ಬರೆಹವದು. ಕಾರಕೂನನಿಗೆ ಬೇಕಾಗಿದ್ದುದು ವೇಗ. ಆ ಕಾಲದ ಕೂಡುಬರೆಹವೆಂದರೆ ಅದೇ. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಮೋಡಿಯ ಬಳಕೆ ಹಿಂದೆ ಸರಿಯಿತು. ೧೯೫೬ರಲ್ಲಿ ಈ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡನಾಡನ್ನು ಸೇರಿತು. ಮನೆಯ ಪೆಟ್ಟಿಗೆಯಲ್ಲಿ ಮೋಡಿಯ ಹಳೆಯ ಕಾಗದ ಸಿಕ್ಕಿದರೆ ಇಂದು ಮೊಮ್ಮಗನು ಅದನ್ನು ತಲೆಕೆಳಗಾಗಿ ಹಿಡಿದರೂ ಒಂದೇ, ನೆಟ್ಟಗೆ ಹಿಡಿದರೂ ಒಂದೇ. ಹೊಲದ ಎಲ್ಲೆ ಯಾವುದೆಂದು ತಿಳಿಯಬೇಕಾದರೂ ಮೋಡಿ ಬಲ್ಲವರನ್ನು ಹುಡುಕಿ ಹೊರಡಬೇಕು. ಬರೆದವನ ಕೈ ಓಡಿತು. ಓದುವವನು ಹಿಂದೆ ಉಳಿದನು.

ನವರಸಪುರವು ೧೬೨೪ರಲ್ಲಿ ಮಲಿಕ್ ಅಂಬರನ ದಾಳಿಗೆ ತುತ್ತಾಗಿ, ಕಟ್ಟಲಾರಂಭಿಸಿದ ಇಪ್ಪತ್ತೈದೇ ವರ್ಷಗಳಲ್ಲಿ ಹಾಳಾಯಿತು. ಅದರ ಸಂಗೀತಮಹಲಿನ ಕಮಾನುಗಳು ತೊರವಿಯ ಬಯಲಲ್ಲಿ ಇಂದಿಗೂ ನಿಂತಿವೆ. ದೊರೆಯ ಹಾಡುಗಳು ಹಲವರ ಕೈಬರೆಹದ ಪ್ರತಿಗಳಲ್ಲಿ ಉಳಿದುವು. ನರಹರಿಯ ರಾಮಾಯಣವೂ ಹಾಗೆಯೇ ಉಳಿಯಿತು. ಚೆಲುವೂ ಬೇಕು, ವೇಗವೂ ಬೇಕು; ಆದರೆ ಓದುವವನೊಬ್ಬನು ಇರುವವರೆಗೆ ಮಾತ್ರ ಎರಡಕ್ಕೂ ಬಾಳು. ಮಗುವಿಗೆ ಅಕ್ಷರ ಕಲಿಸುವವರು ಈ ಕ್ರಮವನ್ನು ಹಿಂದುಮುಂದು ಮಾಡಬಾರದು.

ಕನ್ನಡದ ಶಾಲೆಗಳು ಇದನ್ನು ಅರಿಯದೆ ಇಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ, ೨೦೦೯ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯು ಅ, ಆ, ಇ, ಈ ಎಂಬ ಹಳೆಯ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿತು. ವರ್ಣಮಾಲೆಯ ಶಾಸ್ತ್ರಶುದ್ಧ ಕ್ರಮವನ್ನು ಕೆಡಿಸಿದರಲ್ಲ ಎಂದು ಹಿರಿಯರಿಗೆ ಗಾಬರಿಯಾಗಬಹುದು. ಆದರೆ ಇಲ್ಲೊಂದು ಜಾಣತನವಿದೆ. ಈ ಅಕ್ಷರಗಳು ಬರೆಯುವುದಕ್ಕೆ ಸುಲಭ. ಒಂದರ ತಿರುವು ಇನ್ನೊಂದಕ್ಕೆ ಒದಗುತ್ತದೆ. ಮೇಲಾಗಿ, ಐದೇ ಅಕ್ಷರ ಕಲಿತ ಮಗು ಅಂದೇ ‘ಅರಸ’ನನ್ನೂ ‘ಅಗಸ’ನನ್ನೂ ಓದಬಲ್ಲದು; ‘ಸರ’ವನ್ನು ಬರೆಯಬಲ್ಲದು; ತುಸು ಧೈರ್ಯ ಬಂದರೆ ‘ಗರಗಸ’ಕ್ಕೂ ಕೈಹಾಕಬಲ್ಲದು. ಅಕ್ಷರ ಬರೆಯುವುದೂ ಪದ ಓದುವುದೂ ಒಂದೇ ದಿನ ಹುಟ್ಟಿದ ಅವಳಿಗಳಾಗುತ್ತವೆ.

ವಿಜ್ಞಾನಿಗಳೂ ಇದೇ ದಿಕ್ಕಿಗೆ ಬೆರಳು ಮಾಡಿದ್ದಾರೆ. ೨೦೧೨ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ ಎಂಬವರು ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಂದ ಕೆಲವು ಅಕ್ಷರಗಳನ್ನು ಸ್ವತಃ ಬರೆಯಿಸಿದರು, ಕೆಲವನ್ನು ಚುಕ್ಕೆಗಳ ಮೇಲೆ ತಿದ್ದಿಸಿದರು, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಸಿದರು. ಅನಂತರ ಮಿದುಳಿನ ಚಿತ್ರ ತೆಗೆದು ನೋಡಿದಾಗ, ಓದುವಾಗ ದುಡಿಯುವ ಭಾಗಗಳು ಮಗು ತಾನೇ ಬರೆದ ಅಕ್ಷರಗಳಿಗೆ ಹೆಚ್ಚಾಗಿ ಎಚ್ಚೆತ್ತುವು. ಮಗು ಸ್ವತಃ ಬರೆದ ಅಕ್ಷರ ಒಂದು ಸಲ ದಪ್ಪ, ಒಂದು ಸಲ ಸಣ್ಣ, ಒಂದು ಸಲ ವಾಲು. ಈ ನಾನಾ ರೂಪಗಳ ಹಿಂದಿರುವ ಒಂದೇ ಅಕ್ಷರವನ್ನು ಗುರುತಿಸುತ್ತ ಗುರುತಿಸುತ್ತ ಅದು ಓದುವುದಕ್ಕೆ ಸಿದ್ಧವಾಗುತ್ತದೆಂದು ಅವರ ವಿವರಣೆ. ಹಾಗಾದರೆ ಮೊದಮೊದಲ ಓರೆಯಕ್ಷರವನ್ನು ಕಂಡು ಮುಖ ಸಿಂಡರಿಸಬೇಕಾಗಿಲ್ಲ.

ಇನ್ನು ಇಂಗ್ಲಿಷಿನ ಕೂಡುಬರೆಹದ ಮಾತು. ಕರ್ನಾಟಕದ ಕನ್ನಡ ಶಾಲೆಗಳಲ್ಲಿ ೨೦೦೭ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಒಂದು ಪಾಠವಾಗಿ ಬಂದಿದೆ. ನಗರದ ಖಾಸಗಿ ಶಾಲೆಗಳಲ್ಲಂತೂ ಕೂಡುಬರೆಹವೇ ಘನತೆಯ ಗುರುತಾಗಿ ಕೂತಿದೆ. ಅತ್ತ ಫಿನ್ಲೆಂಡ್ ದೇಶವು ೨೦೧೬ರಿಂದ ಅದನ್ನು ಕಡ್ಡಾಯದ ಪಾಠದಿಂದ ಕೈಬಿಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೨೩ರಲ್ಲಿ ಕಾನೂನು ಮಾಡಿ ಮತ್ತೆ ಕಲಿಸಹೊರಟಿತು. ದೊಡ್ಡ ದೇಶಗಳೇ ಹೀಗೆ ತೂಗುಯ್ಯಾಲೆಯಾಡುತ್ತಿರುವಾಗ ಆರು ವರ್ಷದ ಮಗುವಿನ ಅಕ್ಷರ ಬಾಗಿತೆಂದು ಮನೆಯಲ್ಲಿ ಊಟ ತಡೆಯುವುದು ಉಚಿತವೆ?

ಕನ್ನಡದ ಮಗುವಿಗೆ ಕೂಡಿಸಿ ಬರೆಯುವುದು ಹೊಸದೇನೂ ಅಲ್ಲ. ಇಂಗ್ಲಿಷಿನ ಅಕ್ಷರಗಳು ಪಕ್ಕಪಕ್ಕದಲ್ಲಿ ಕೈಹಿಡಿದು ಸಾಲಾಗಿ ನಡೆಯುತ್ತವೆ. ಕನ್ನಡದಲ್ಲಿ ಒಂದು ಅಕ್ಷರ ಇನ್ನೊಂದರ ಅಡಿಯಲ್ಲಿ ಒತ್ತಾಗಿ ಕುಳಿತು ಅದಕ್ಕೆ ಬಲ ಕೊಡುತ್ತದೆ. ಈ ಒತ್ತು ಮಗುವಿಗೆ ಮೊದಲು ಎದುರಾಗುವುದಾದರೂ ಎಲ್ಲಿ? ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜ, ತಮ್ಮ. ವಿಜಯಪುರದ ಕಡೆಯ ‘ಮುತ್ಯಾ’ನ ಕೆಳಗೂ ಒಂದು ಒತ್ತುಂಟು. ಮನೆಯವರೆಲ್ಲ ಒತ್ತಕ್ಷರದಲ್ಲಿಯೇ ವಾಸವಾಗಿದ್ದಾರೆ! ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಪುಸ್ತಕ ಕೊಟ್ಟೀತು? ಇವರ ಹೆಸರುಗಳನ್ನು ಬರೆಯಲು ಕಲಿತ ಕೈಗೆ ಇಂಗ್ಲಿಷಿನ ಬಿಡಿಯಕ್ಷರ ಮೊದಲು ಬಂದು, ಕೂಡುಬರೆಹ ಒಂದೆರಡು ವರ್ಷ ತಡವಾಗಿ ಬಂದರೆ ನಷ್ಟವಿಲ್ಲ.

ಮನೆಯಲ್ಲಿ ಮಾಡಬಹುದಾದ ಸಣ್ಣ ಉಪಾಯಗಳು ಕೆಲವಿವೆ. ಇಡೀ ಪುಟದ ಬದಲು ನಾಲ್ಕು ಸಾಲು ಸಾಕು. ಅದನ್ನೂ ಕೆಳಗಿನಿಂದ ಮೇಲಕ್ಕೆ ಬರೆಯಿಸಿದರೆ, ಮಗುವಿನ ಕಣ್ಣಿಗೆ ತನ್ನ ತಪ್ಪು ಬೀಳುವ ಬದಲು ಪ್ರತಿಸಲವೂ ಅಚ್ಚಿನ ಸಾಲೇ ಬೀಳುತ್ತದೆ. ಬರೆದಾದ ಮೇಲೆ ಅತ್ಯಂತ ಚೆಲುವಾದ ಅಕ್ಷರಕ್ಕೆ ಮಗುವೇ ಸುತ್ತುಗೀಟು ಹಾಕಲಿ. ನವರಸಪುರದ ಗುರುವಿನ ಕಣ್ಣು ತುಸುವಾದರೂ ಅದಕ್ಕೆ ಬಂದೀತು. ಕೈ ದಣಿದಾಗ ತಟ್ಟೆಯಲ್ಲಿ ಮರಳು ಹರಡಿ ಬೆರಳಿನಿಂದ ಬರೆಯಿಸಬಹುದು. ಹಿಂದೆ ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿಯೇ ಅಕ್ಷರ ಕಲಿತರು. ೧೯೦೭ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸೊರಿಯೂ ಉಪ್ಪುಕಾಗದದ ಅಕ್ಷರಗಳ ಮೇಲೆ ಮಕ್ಕಳ ಬೆರಳನ್ನು ಆಡಿಸಿಯೇ ಬರೆವಣಿಗೆಯನ್ನು ಆರಂಭಿಸಿದಳು.

ಎಲ್ಲಕ್ಕಿಂತ ಮುಖ್ಯವಾದ ಉಪಾಯವೆಂದರೆ ಮಗುವಿಗೊಬ್ಬ ಓದುಗನನ್ನು ಒದಗಿಸುವುದು. ಊರಿನಲ್ಲಿರುವ ಮುತ್ಯಾನಿಗೆ ಒಂದು ಅಂಚೆಕಾರ್ಡು ಬರೆಯಲಿ. “ಇದೇನು ಬರದೀಯಪಾ, ತಿಳೀಲಿಲ್ಲ” ಎಂದು ಮುತ್ಯಾ ಕೇಳಿದ ಪದವೊಂದೇ ಮರುದಿನದ ಅಭ್ಯಾಸವಾಗಲಿ. ತನ್ನ ಮಾತು ಮುತ್ಯಾನನ್ನು ಮುಟ್ಟಲಿಲ್ಲವೆಂದು ತಿಳಿದ ಮಗು ಆ ಪದವನ್ನು ತಿದ್ದುವ ಶ್ರದ್ಧೆ, ನೂರು ಸಲ ಬರೆಯೆಂಬ ಶಿಕ್ಷೆಯಿಂದ ಬರುವಂಥದಲ್ಲ.

ಮನೆಯಲ್ಲಿ ಅಕ್ಷರ ಬಾರದ ಆಯಿ ಇದ್ದರೆ ಇನ್ನೂ ಒಳ್ಳೆಯದು. ೨೦೦೩ರಲ್ಲಿ ಹುಟ್ಟಿದ ಮಹಿಳಾ ವಿಶ್ವವಿದ್ಯಾಲಯ ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತು ಇದೇ ತೊರವಿಯಲ್ಲಿ ನಡೆಯುತ್ತಿದೆ. ಪುಸ್ತಕಗಳನ್ನು ಎದೆಗವಚಿಕೊಂಡು ಹುಡುಗಿಯರು ಅದರ ಬಾಗಿಲು ಹೊಗುತ್ತಾರೆ. ಅವರ ಅಜ್ಜಿಯರಲ್ಲಿ ಎಷ್ಟೋ ಮಂದಿ ಹೆಬ್ಬೆಟ್ಟಿನಲ್ಲಿಯೇ ಬಾಳು ಕಳೆದವರು. ಅಂಥ ಆಯಿ ಅಕ್ಷರದ ಓರೆಯನ್ನು ಕಾಣಲಾರಳು, ಗೆರೆ ದಾಟಿದ್ದಕ್ಕೆ ಗದರಲಾರಳು. ಆದರೆ “ಏನು ಬರದೀ, ಓದಿ ಹೇಳು ನೋಡೂಣು” ಎಂದು ಕೇಳಬಲ್ಲಳು. ಕಾಪಿಪುಸ್ತಕದ ಕೊನೆಯ ಸಾಲನ್ನು ಅಚ್ಚಿನ ಮಾದರಿಯಿಂದ ಬಿಡಿಸಿ ಮಗುವಿಗೇ ಬಿಟ್ಟುಕೊಡಬೇಕು. ಹಿತ್ತಲಿನ ಬೇವಿನಮರದಲ್ಲಿ ಗಿಳಿ ಬಂದು ಕುಳಿತಿತೆಂದೋ, ಅವ್ವ ಇಂದು ಬಿಸಿರೊಟ್ಟಿ ಮಾಡಿದಳೆಂದೋ ಅದು ತನಗೆ ತೋಚಿದ್ದನ್ನು ಬರೆದು, ಬೆರಳಿಟ್ಟು ಓದಿ ಆಯಿಗೆ ಕೇಳಿಸಲಿ. ಅಕ್ಷರ ದುಂಡಗಾಗುವುದಕ್ಕೆ ಇನ್ನೂ ವರ್ಷಗಳಿವೆ. ಆಯಿ ಇಂದು ಕೇಳಲು ಕುಳಿತಿದ್ದಾಳೆ.