ಒಂದು ಕಾಮಾ ಬಗ್ಗೆ

2010ರಲ್ಲಿ ಕೆಲಸಕ್ಕೆಂದು ಪುಣೆಗೆ ಬಂದಾಗ ಕೋಥ್ರೂಡಿನ ಫ್ಲ್ಯಾಟೊಂದರಲ್ಲಿ ನಾವು ಇಬ್ಬರಿದ್ದೆವು. ನಾನು ಗದಗಿನವ, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಅವನು ಬೆಟ್ಟದ ಮೇಲಿನ ಬೋರ್ಡಿಂಗ್ ಶಾಲೆಯಲ್ಲಿ ಓದಿದವ. ಕಾಲರ್ ಇರುವ ಟೀ-ಶರ್ಟಿನಲ್ಲೇ ಮಲಗುತ್ತಿದ್ದ. ಬೆಳಿಗ್ಗೆ ಎದ್ದಾಗಲೂ ಅದಕ್ಕೊಂದು ಸುಕ್ಕು ಇರುತ್ತಿರಲಿಲ್ಲ. ಅದು ಹೇಗೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ಭಾನುವಾರ ಅವನ ಲ್ಯಾಪ್‌ಟಾಪಿನಲ್ಲಿ ವ್ಯಾಂಪೈರ್ ವೀಕೆಂಡ್ ಹಾಡುತ್ತಿತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ನಾಲ್ವರು ಹುಡುಗರ ತಂಡ ಅದು. ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಅಮೆರಿಕದ ದುಬಾರಿ ಖಾಸಗಿ ಶಾಲೆಗಳಿಗೆ ಪ್ರೆಪ್ ಸ್ಕೂಲ್ ಎನ್ನುತ್ತಾರೆ. ಅಲ್ಲಿಂದ ಬಂದವರ ಉಡುಗೆ, ನಡೆ, ಮಾತಿಗೆಲ್ಲ ಪ್ರೆಪ್ಪಿ ಎಂದು ಹೆಸರು. ಈ ತಂಡದವರು ಪೋಲೋ ಶರ್ಟು ತೊಟ್ಟು ಕ್ಯಾಂಪಸ್ಸಿನ ಬಗ್ಗೆ, ಕೇಪ್ ಕಾಡ್ ಕಡಲತೀರದ ಬಗ್ಗೆ ಹಾಡಿದ್ದರಿಂದ ಅವರಿಗೂ ಆ ಹೆಸರೇ ಅಂಟಿತು.

ಅವರದೊಂದು ಹಾಡು 'ಆಕ್ಸ್‌ಫರ್ಡ್ ಕಾಮಾ'. ಇಂಗ್ಲಿಷಿನಲ್ಲಿ ಮೂರ್ನಾಲ್ಕು ವಸ್ತುಗಳನ್ನು ಸಾಲಾಗಿ ಹೇಳುವಾಗ ಕೊನೆಯ 'ಆಂಡ್'ಗೆ ಮೊದಲು ಹಾಕುವ ಅಲ್ಪವಿರಾಮ ಅದು. ಅದಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂಬ ಧಾಟಿಯ ಹಾಡು. ಗೆಳೆಯ ಬಿದ್ದು ಬಿದ್ದು ನಗುತ್ತಿದ್ದ. ನಾನೂ ನಗುತ್ತಿದ್ದೆ.

ಆದರೆ ನಾನು ತಲೆ ಕೆಡಿಸಿಕೊಂಡಿದ್ದೆ! ನನ್ನ ಕೆಲಸವೇ ಸಾಫ್ಟ್‌ವೇರಿನ ಕೈಪಿಡಿ ಬರೆಯುವುದು. ನಾನು ಬಿಟ್ಟ ಒಂದೊಂದು ಕಾಮಾಕ್ಕೂ ಕೆಂಪು ಗುರುತು ಬೀಳುತ್ತಿತ್ತು. ರಾತ್ರಿ ಕೂತು ನಿಯಮ ಉರು ಹೊಡೆಯುತ್ತಿದ್ದೆ. ಗೆಳೆಯ ಕಾಮಾ ಬಿಟ್ಟರೆ ಅದು ಅವನ ಶೈಲಿ. ನಾನು ಬಿಟ್ಟರೆ ಕನ್ನಡ ಮಾಧ್ಯಮ.

ಅವ್ವನ ಫೋನು ಬಂದರೆ ಬಾಲ್ಕನಿಗೆ ಹೋಗುತ್ತಿದ್ದೆ. "ಯಾಕ ಮೆಲ್ಲಕ ಮಾತಾಡಾಕತ್ತಿ? ಆರಾಮ ಇಲ್ಲೇನು?" ಎಂದು ಕೇಳುತ್ತಿದ್ದಳು. ನೆಗಡಿ ಎನ್ನುತ್ತಿದ್ದೆ. ಆ ವರ್ಷ ನನಗೆ ಬಹಳ ಸಲ ನೆಗಡಿಯಾಯಿತು.

ಆ ತಂಡದ ಬಗ್ಗೆ ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಕೇಪ್ ಕಾಡ್ ಹಾಡಿನ ಹೆಸರಲ್ಲಿರುವ 'ಕ್ವಾಸಾ ಕ್ವಾಸಾ' ಎಂಬುದು ಕಾಂಗೋ ದೇಶದ ಕುಣಿತ. ನಾನು ಶ್ರೀಮಂತ ಅಮೆರಿಕದ್ದು ಅಂದುಕೊಂಡಿದ್ದ ಆ ಮಿಂಚುವ ಗಿಟಾರಿನ ಚಾಲು ಆಫ್ರಿಕಾದ್ದು. ಆಗ ತಂಡದಲ್ಲಿದ್ದ ರೊಸ್ತಮ್ ಬಾತ್‌ಮಂಗ್ಲಿಜ್ ಇರಾನಿನಿಂದ ವಲಸೆ ಬಂದವರ ಮಗ. ಆ ಶರ್ಟುಗಳಲ್ಲೂ ಅರ್ಧ ತಮಾಷೆ ಇತ್ತೇನೋ. ನಾನು ಮಾತ್ರ ಫರ್ಗ್ಯೂಸನ್ ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡ ನನ್ನ ಪೋಲೋ ಶರ್ಟನ್ನು ಗಂಭೀರವಾಗಿಯೇ ತೊಟ್ಟಿದ್ದೆ.

ಹೋದ ದೀಪಾವಳಿಗೆ ಅವ್ವ ಇಲ್ಲಿಗೆ ಬಂದಿದ್ದಳು. ಚಹಾ ಕುದಿಸುತ್ತ ಅದೇ ಆಲ್ಬಮ್ ಹಚ್ಚಿದ್ದೆ. ಗದಗಿನ ಪುಣ್ಯಾಶ್ರಮದಲ್ಲಿ ವರ್ಷಗಟ್ಟಲೆ ಗಾಯನ ಕೇಳಿದ ಕಿವಿ ಅವಳದು. ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

"ಬಾರ್ಸೋದು ಚಲೋ ಐತಿ. ಹಾಡೋ ಹುಡುಗ ಏನಂತಾನ?"

"ಕಾಮಾ ಯಾಕ ಬೇಕು ಅಂತಾನವ್ವ."

"ಕಾಮಾ ಅಂದ್ರ?"

ಒಲೆ ಸಣ್ಣಗೆ ಮಾಡಿ, ಕನ್ನಡದಲ್ಲಿ, ದೊಡ್ಡ ದನಿಯಲ್ಲೇ ಹೇಳತೊಡಗಿದೆ. ಚಹಾ ಉಕ್ಕಿತು.