ಅಳಿವೆಯಲ್ಲಿ ಗಾಳ ಹಾಕಿದ ವೇಮಗಲ್‌ನವರು

ಕೋಲಾರ ಜಿಲ್ಲೆಯ ವೇಮಗಲ್ ಸುತ್ತಿನ ಹಳ್ಳಿಗಳಲ್ಲಿ ಮೀನು ಹಿಡಿಯುವುದೆಂದರೆ ಕೆರೆಯೇ ಗತಿ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಈ ಬಯಲುಸೀಮೆಯಲ್ಲಿ ಎರೆಹುಳು ಚುಚ್ಚಿದ ಗಾಳ ಹಿಡಿದು ಕಟ್ಟೆಯ ಮೇಲೆ ಕೂತವರೆಷ್ಟೋ! ಬೇಸಿಗೆಯಲ್ಲಿ ಕೆರೆಯ ತಳ ಕಂಡಾಗ ಊರಿಗೆ ಊರೇ ಕೆಸರಿಗಿಳಿಯುತ್ತಿದ್ದ ದಿನಗಳನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಆಮೇಲೆ ಕೆರೆಗಳು ವರ್ಷಗಟ್ಟಲೆ ಬರಿದಾದವು. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಸಿಕ್ಕ ನೀರಿನಲ್ಲಿ ಫ್ಲೋರೈಡ್ ಬಂತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿದ ಮೇಲೆ ಎಷ್ಟೋ ಕೆರೆಗಳು ಮತ್ತೆ ಕೆರೆಗಳಂತೆ ಕಾಣುತ್ತಿವೆ.

ಇಂಥ ಊರಿನಿಂದ ಹೊರಟ ಕುಟುಂಬವೊಂದು ಡಿಸೆಂಬರ್ ರಜೆಯಲ್ಲಿ ನದಿ ಕಡಲು ಸೇರುವ ಜಾಗದಲ್ಲಿ ಮೀನು ಹಿಡಿಯಲು ಹೋದರೆ ಏನೇನು ನೋಡೀತು? ತಾತ, ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ತಾತನ ಕೈಯಲ್ಲಿ ಬಿದಿರಿನ ಎರಡು ಗಾಳದ ಕೋಲು. ಸಂಜೆ ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗ್ಗೆ ಉತ್ತರ ಕನ್ನಡದ ಕುಮಟಾದಲ್ಲಿ ಇಳಿದಾಗ ಆ ಕೋಲುಗಳನ್ನು ಕಂಡ ಆಟೋದವರು ಯಾವ ಕಡೆ ಎಂದು ಕೇಳಲೇ ಇಲ್ಲ. ನೇರ ಅಘನಾಶಿನಿ ಹೊಳೆಯ ಕಡೆಗೆ ತಿರುಗಿಸಿದರು.

ಅಣೆಕಟ್ಟಿಲ್ಲದ ಹೊಳೆ

ಅಘನಾಶಿನಿ ಎಂದರೆ ಪಾಪ ಕಳೆಯುವವಳು. ಶಿರಸಿಯ ಶಂಕರ ಹೊಂಡದ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಸುಮಾರು 120 ಕಿ.ಮೀ. ಹರಿದು ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಅರಬ್ಬಿ ಸಮುದ್ರ ಸೇರುತ್ತಾಳೆ. ಈ ಹೊಳೆಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳಲ್ಲಿ ಇಂಥ ಭಾಗ್ಯ ಪಡೆದವು ಕಡಿಮೆ. ಹೊಳೆ ಕಡಲನ್ನು ಕೂಡುವ ಜಾಗಕ್ಕೆ ಕನ್ನಡದಲ್ಲಿ ಅಳಿವೆ ಎಂಬ ಚೆಂದದ ಹೆಸರಿದೆ. 4,801 ಹೆಕ್ಟೇರ್ ವಿಸ್ತಾರದ ಅಘನಾಶಿನಿ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲೆಗಳ ಪಟ್ಟಿಗೆ, ಸೇರಿಸಲಾಯಿತು.

ದಂಡೆ ತಲುಪಿದಾಗ ಎದುರಿಗೆ ಅರ್ಧ ಮೈಲಿ ಅಗಲದ ನೀರಿತ್ತು. ತಿಂಡಿ ಮುಗಿಸಿ ಹತ್ತು ಗಂಟೆಗೆ ಮರಳಿ ಬಂದು ನೋಡಿದರೆ ನೀರಿದ್ದಲ್ಲಿ ಕೆಸರು, ಮರಳದಿಬ್ಬ, ಅವುಗಳ ಮೇಲೆ ಬೆಳ್ಳಕ್ಕಿಯ ಹಿಂಡು! ಕಿರಿಯ ಮೊಮ್ಮಗ ಗಾಬರಿಯಾದ.

“ತಾತ, ನೀರೆಲ್ಲ ಎಲ್ಲಿಗೆ ಹೋಯ್ತು? ಕಟ್ಟೆ ಒಡೆದೋಯ್ತಾ?”

ಕೆರೆಯ ಮಗು ಕೇಳಬೇಕಾದ ಪ್ರಶ್ನೆಯೇ ಇದು. ಕೆರೆಯ ನೀರು ಇಳಿಯಲು ತಿಂಗಳುಗಳು ಬೇಕು; ಇಲ್ಲಿ ಆರು ಗಂಟೆ ಸಾಕು. ಚಂದ್ರ ಮತ್ತು ಸೂರ್ಯರ ಸೆಳೆತಕ್ಕೆ ಕಡಲು ದಿನಕ್ಕೆ ಎರಡು ಸಲ ಉಬ್ಬಿ ಎರಡು ಸಲ ಇಳಿಯುತ್ತದೆ. ಇಲ್ಲಿನವರು ಅದನ್ನು ಭರತ, ಇಳಿತ ಎನ್ನುತ್ತಾರೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ತುಸು ಮುಂದೆ ಸರಿದಿರುತ್ತಾನಾದ್ದರಿಂದ ಇಂದು ಹತ್ತಕ್ಕೆ ಬಂದ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಚಂದ್ರ, ಸೂರ್ಯರಿಬ್ಬರೂ ಒಂದೇ ಸಾಲಿನಲ್ಲಿ ಎಳೆಯುವುದರಿಂದ ಏರಿಳಿತ ಹೆಚ್ಚು. ಅಷ್ಟಮಿಯ ಸುಮಾರಿಗೆ ಕಡಿಮೆ. ಅಳಿವೆಯ ಬೆಸ್ತರಿಗೆ ಗಡಿಯಾರಕ್ಕಿಂತ ಪಂಚಾಂಗ ಮುಖ್ಯವಾಗುವುದು ಇದಕ್ಕೇ.

ಗಾಳಕ್ಕೆ ಹೊಸ ಪಾಠ

ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಕೆಸರು ಕೆದಕುತ್ತಿದ್ದರು. ಅವರು ಆರಿಸುತ್ತಿದ್ದುದು ಬಳಚು, ಅಂದರೆ ತಿನ್ನುವ ಚಿಪ್ಪಿ. ಇದಕ್ಕೆ ಬಲೆ ಬೇಡ, ದೋಣಿ ಬೇಡ, ಬಂಡವಾಳ ಬೇಡ. ಇಳಿತದ ಸಮಯ ಗೊತ್ತಿರಬೇಕು, ಬೆನ್ನು ಗಟ್ಟಿಯಿರಬೇಕು. ಅಳಿವೆಯ ದಂಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಬುಟ್ಟಿಗಳಿಂದ.

ಮಧ್ಯಾಹ್ನ ದೋಣಿ ಹತ್ತಿದ ತಾತ ಕೆರೆಯ ರೂಢಿಯಂತೆ ದಾರಕ್ಕೆ ಬೆಂಡು ಕಟ್ಟಿ ಗಾಳ ಬಿಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಡು ಸೆಳೆತಕ್ಕೆ ಸಿಕ್ಕಿ ದೋಣಿಯ ಹಿಂದಕ್ಕೆ ಹೋಗಿತ್ತು. ದೋಣಿಯವರು ನಕ್ಕು, ಬೆಂಡು ಬಿಚ್ಚಿ ಸೀಸದ ಗುಂಡು ಕಟ್ಟಿದರು. ಎರೆಹುಳುವಿನ ಬದಲು ಸೀಗಡಿಯ ತುಂಡು ಚುಚ್ಚಿದರು. “ಸ್ವಲ್ಪ ತಡೀರಿ ಅಜ್ಜಾ, ಭರತ ಏರೂಕೆ ಹತ್ಲಿ. ಮೀನು ನೀರಿನ ಸಂಗಡವೇ ಒಳಗೆ ಬತ್ತದೆ” ಎಂದರು.

ಅವರ ಮಾತು ನಿಜವಾಯಿತು. ಕಡಲ ನೀರು ಒಳನುಗ್ಗಿ ಕಾಂಡ್ಲಾ ಗಿಡಗಳ ಬೇರು ಮುಳುಗತೊಡಗಿದಂತೆ ದಾರಗಳು ಒಂದರ ಹಿಂದೊಂದು ಜಗ್ಗಿದವು. ಮೊದಲ ಮೀನು ಹನ್ನೆರಡು ವರ್ಷದ ಮೊಮ್ಮಗಳದು. ಅಂಗೈಯುದ್ದದ, ಬೆಳ್ಳಿಬಣ್ಣದ, ಚೂಪು ಮೂತಿಯ ಕಾಣೆ. ಇಲ್ಲಿಯವರ ಬಾಯಲ್ಲಿ ಅದು ನೊಗ್ಲಿ. ಮುಂದೆ ಸಿಕ್ಕ ಎರಡು ಬೆರಳುದ್ದದ ಮೀನುಗಳನ್ನು ದೋಣಿಯವರು ಮಾತಿಲ್ಲದೆ ಬಿಡಿಸಿ ನೀರಿಗೆ ಹಾಕಿದರು. ಮಕ್ಕಳ ಮುಖ ಬಾಡಿತು. “ಇವು ಮರಿ. ಕಡಲಿಗೆ ಹೋಗಿ ದೊಡ್ಡವಾಗಿ ಬರ್ಲಿ” ಎಂಬ ಸಮಾಧಾನ ಸಿಕ್ಕಿತು. ಸಂಜೆಯ ಹೊತ್ತಿಗೆ ಬುಟ್ಟಿಯಲ್ಲಿದ್ದುದು ಹನ್ನೊಂದು ಮೀನು. ರವೆ ಹಚ್ಚಿ ಕಾವಲಿಯ ಮೇಲೆ ಕರಿದ ನೊಗ್ಲಿ, ತೆಂಗಿನಕಾಯಿ ಅರೆದು ಮಾಡಿದ ಬಳಚಿನ ಪಲ್ಯ. ಎಲ್ಲ ಚೆನ್ನಾಗಿದ್ದರೂ ಅಜ್ಜಿಗೆ ಒಂದು ಕೊರತೆ: “ಒಂದು ಮುದ್ದೆ ಇದ್ದಿದ್ರೆ!”

“ಸುಮ್ನೆ ಹೋಗುದಲ್ಲ”

ಮರುದಿನ ಇಳಿತದ ಹೊತ್ತಿಗೆ ಹೊಳೆ ಕಡಲಿಗೆ ಸುರಿಯುವುದನ್ನು ನೋಡುತ್ತ ತಾತ ತಡೆಯಲಾರದೆ ಅಂದರು: “ಇಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗ್ತಾ ಐತಲ್ಲಪ್ಪಾ! ನಮ್ಮ ಕಡೆಗೆ ಒಂದು ಪಾಲು ಬಂದಿದ್ರೆ...” ಸಾವಿರ ಅಡಿಯ ಕೊಳವೆಬಾವಿ ಕಂಡ ಯಾರ ಬಾಯಲ್ಲಾದರೂ ಬರುವ ಮಾತಿದು. ಬಳಚಿನ ಬುಟ್ಟಿ ತಲೆಯ ಮೇಲಿಟ್ಟು ದಡ ಹತ್ತುತ್ತಿದ್ದ ಹೆಂಗಸೊಬ್ಬರು ನಿಂತು ಹೇಳಿದರು: “ಸುಮ್ನೆ ಹೋಗುದಲ್ಲ ಅಜ್ಜಾ. ಹೊಳೆ ನೀರು ಬಂದ್ರೇ ನಮ್ಗೆ ಬಳಚು, ಮೀನು.”

ವಿಜ್ಞಾನ ಹೇಳುವುದೂ ಅದನ್ನೇ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹೊಳೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಳಿವೆಯಲ್ಲಿ ಇವೆರಡೂ ಬೆರೆಯುತ್ತವೆ. ಮಳೆಗಾಲದಲ್ಲಿ ಘಟ್ಟದ ಸೊಪ್ಪು ಸದೆ ಕೊಳೆತ ಸಾರವನ್ನೂ ರೇವೆಯನ್ನೂ ಹೊಳೆ ಹೊತ್ತು ತರುತ್ತದೆ. ಆ ಸಾರವನ್ನು ಉಂಡು ಕಣ್ಣಿಗೆ ಕಾಣದ ಸಸ್ಯಗಳು ಬೆಳೆಯುತ್ತವೆ. ಬಳಚು ನೀರನ್ನು ಸೋಸಿ ಅವನ್ನು ತಿನ್ನುತ್ತದೆ. ಸೀಗಡಿ ಮೊಟ್ಟೆಯಿಡುವುದು ಕಡಲಿನಲ್ಲಿ, ಆದರೆ ಅದರ ಮರಿಗಳು ಭರತದೊಡನೆ ಅಳಿವೆಗೆ ಬಂದು ಕೆಲವು ತಿಂಗಳು ಬೆಳೆದು ಮತ್ತೆ ಕಡಲಿಗೆ ಮರಳುತ್ತವೆ. ಹೆಣ್ಣೇಡಿ ಮೊಟ್ಟೆಯಿಡಲು ಇಲ್ಲಿಂದ ಕಡಲಿಗೆ ನಡೆಯುತ್ತದೆ. ಹೀಗೆ ಅಳಿವೆಯೆಂದರೆ ಕಡಲ ಜೀವಿಗಳ ಬಾಲವಾಡಿ.

ದಡದ ಗದ್ದೆಗೂ ಇದೇ ಲೆಕ್ಕ. ಕಟ್ಟೆ ಹಾಕಿ ಕಾಪಾಡಿದ ಇಲ್ಲಿನ ತಗ್ಗು ನೆಲಗಳನ್ನು ಗಜನಿ ಎನ್ನುತ್ತಾರೆ. ಕೆರೆಗೆ ತೂಬಿರುವಂತೆ ಗಜನಿಗೆ ಜಂತ್ರಡಿ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ ಉಪ್ಪು ತಡೆಯುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಭರತದ ನೀರು ಒಳಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ. ಒಂದೇ ನೆಲಕ್ಕೆ ವರ್ಷದಲ್ಲಿ ಎರಡು ಋತು, ಎರಡು ಬಗೆಯ ನೀರು, ಎರಡು ಫಸಲು!

ಪಕ್ಕದ ಹೊಳೆ ಹೇಳುವ ಕಥೆ

ದಕ್ಷಿಣಕ್ಕೆ 20 ಕಿ.ಮೀ. ಹೋದರೆ ಹೊನ್ನಾವರ. ಅಲ್ಲಿ ಕಡಲು ಸೇರುವವಳು ಶರಾವತಿ. ಅಲ್ಲಿಯೂ ದೋಣಿಯಿದೆ, ಕಾಂಡ್ಲಾ ಕಾಡಿನ ನಡುವೆ ಹಲಗೆಯ ಕಾಲುದಾರಿಯಿದೆ, ತೆಂಗಿನ ನಡುಗಡ್ಡೆಗಳಿವೆ. ನೋಟಕ್ಕೆ ಎರಡೂ ಅಕ್ಕತಂಗಿಯರೇ. ಆದರೆ ಬಳಚಿನ ಬುಟ್ಟಿಗಳು ಮಾತ್ರ ಅಲ್ಲಿ ವಿರಳ.

ಕಾರಣ ಮೇಲೆ ಘಟ್ಟದಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಮಳೆಗಾಲದ ನೀರು ಮೇಲೆ ನಿಂತು, ವಿದ್ಯುತ್ ಉತ್ಪಾದನೆಗಾಗಿ ವರ್ಷವಿಡೀ ಕೆಳಗಿಳಿಯತೊಡಗಿತು. ಕಡಲ ಉಪ್ಪು ಒಳಗೆ ಬರಬೇಕಾದ ಬೇಸಿಗೆಯಲ್ಲೂ ಶರಾವತಿಯಲ್ಲಿ ಸಿಹಿನೀರಿನ ಒತ್ತಡ. ಉಪ್ಪು ಬೇಡುವ ಬಳಚು ಬದುಕುವುದೆಂತು? ಅಲ್ಲಿ ತಿನ್ನುವ ಚಿಪ್ಪಿಗಳು ತೀರ ಕುಗ್ಗಿರುವುದನ್ನೂ ಅಘನಾಶಿನಿಯಲ್ಲಿ ಅವು ಸಮೃದ್ಧವಾಗಿರುವುದನ್ನೂ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಅಧ್ಯಯನ ಮಾಡಿ ತೋರಿಸಿದ್ದಾರೆ. ಶರಾವತಿ ನಾಡಿಗೆ ಬೆಳಕು ಕೊಟ್ಟಳು, ನಿಜ. ಆ ಬೆಳಕಿನ ಬೆಲೆಯ ಒಂದು ಪಾಲನ್ನು ಅಳಿವೆ ತೆತ್ತಿತು. ಹೊಳೆ ಕಡಲಿಗೆ ಎಷ್ಟು ನೀರು ಕೊಡುತ್ತದೆ ಎಂಬುದಷ್ಟೇ ಅಲ್ಲ, ಯಾವಾಗ ಕೊಡುತ್ತದೆ ಎಂಬುದೂ ಮುಖ್ಯವೆಂಬ ಪಾಠ ಈ ಎರಡು ಹೊಳೆಗಳನ್ನು ಒಟ್ಟಿಗೆ ನೋಡಿದವರಿಗೆ ಸಿಗುತ್ತದೆ.

ಹೊನ್ನಾವರದಿಂದ ಇನ್ನಷ್ಟು ದಕ್ಷಿಣಕ್ಕೆ ಅಪ್ಸರಕೊಂಡ. ಗುಡ್ಡದ ಬುಡದಲ್ಲಿ ಪುಟ್ಟ ಜಲಪಾತ, ಮೇಲೆ ಹತ್ತಿದರೆ ಕಣ್ಣು ಹಾಯುವಷ್ಟೂ ನೀಲಿ ಕಡಲು. ಇಲ್ಲಿನ ಕಡಲನ್ನು ಅಪ್ಸರಕೊಂಡ-ಮುಗಳಿ ಹೆಸರಿನಲ್ಲಿ ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮವಾಗಿ ಆರಿಸಲಾಗಿದೆ. ಗುಜರಾತಿನ ಕಛ್ ಕೊಲ್ಲಿ, ತಮಿಳುನಾಡಿನ ಮನ್ನಾರ್ ಕೊಲ್ಲಿಗಳಲ್ಲಿ 1980ರ ದಶಕದಲ್ಲೇ ಕಡಲ ರಾಷ್ಟ್ರೀಯ ಉದ್ಯಾನಗಳಾದವು. ಕರ್ನಾಟಕ ಈಗ ಆ ದಾರಿ ಹಿಡಿದಿದೆ. ಆದರೆ ಕಡಲಿಗೆ ಗೆರೆ ಎಳೆದು ಕಾಪಾಡಿದರೆ ಸಾಕೆ? ಆ ಗೆರೆಯೊಳಗಿನ ಎಷ್ಟೋ ಮೀನುಗಳು ಬಾಲ್ಯ ಕಳೆಯುವುದು ಅಳಿವೆಯಲ್ಲಿ. ಅಳಿವೆಗೆ ಜೀವ ಬರುವುದು ಘಟ್ಟದ ಮಳೆಯಿಂದ. ಧಾಮದ ಬೇಲಿ ಶಿರಸಿಯ ಕಾಡಿನವರೆಗೂ ಇದೆ ಎಂದುಕೊಂಡರೇ ಸರಿ.

ಹೋಗುವವರಿಗೆ ಕಿವಿಮಾತು

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹಿತವಾದ ಕಾಲ. ಕುಮಟಾ ರೈಲು ನಿಲ್ದಾಣದಿಂದ ಅಘನಾಶಿನಿ ಊರಿಗೆ ಆಟೋ ಸಿಗುತ್ತದೆ. ಆಚೆ ದಡದ ತದಡಿಯಿಂದ ಗೋಕರ್ಣ ಹತ್ತಿರ. ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳನ್ನು ನೋಡಬಹುದು. ಸ್ಥಳೀಯ ದೋಣಿಯವರಿಲ್ಲದೆ ನೀರಿಗಿಳಿಯಬೇಡಿ. ಕೆಸರು ಕಾಲು ಹಿಡಿಯುತ್ತದೆ, ಭರತ ಕಾಯುವುದಿಲ್ಲ. ಮಕ್ಕಳಿಗೆ ತೇಲು ಜಾಕೆಟ್ ಬೇಕೇ ಬೇಕು. ಬಳಚಿನ ದಿಬ್ಬ ಬೇರೆಯವರ ಅನ್ನದ ತಟ್ಟೆ. ಕೇಳದೆ ಕೈ ಹಾಕಬಾರದು. ಅಪ್ಸರಕೊಂಡದ ಕಡೆ ಗಾಳ ಹಾಕುವ ಮುನ್ನ ಅರಣ್ಯ ಇಲಾಖೆಯವರನ್ನು ವಿಚಾರಿಸಿಕೊಳ್ಳಿ. ಮರಿ ಮೀನನ್ನು ನೀರಿಗೇ ಬಿಡಿ.

ವೇಮಗಲ್‌ನವರಿಗೆ ಈ ಪ್ರವಾಸ ಬರಿಯ ವಿಹಾರವಲ್ಲ ಎನ್ನಲು ಇನ್ನೊಂದು ಕಾರಣವಿದೆ. ಸಕಲೇಶಪುರದ ಘಟ್ಟದಿಂದ ನೇತ್ರಾವತಿಯ ಉಪಹೊಳೆಗಳ ಮಳೆಗಾಲದ ನೀರು, 24.01 ಟಿ.ಎಂ.ಸಿ.ಯಷ್ಟನ್ನು, ಕೋಲಾರವೂ ಸೇರಿದಂತೆ ಬಯಲುಸೀಮೆಗೆ ತರುವುದು ಎತ್ತಿನಹೊಳೆ ಯೋಜನೆಯ ಗುರಿ. ಅದರ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಆ ನೀರು ಘಟ್ಟ ಇಳಿದಿದ್ದರೆ ಸೇರುತ್ತಿದ್ದುದು ಮಂಗಳೂರಿನ ಅಳಿವೆಯನ್ನು. ಕೋಲಾರದ ಬಾಯಾರಿಕೆ ಸುಳ್ಳಲ್ಲ. ಫ್ಲೋರೈಡ್ ನೀರು ಕುಡಿದವರಿಗೆ ಬಳಚಿನ ಚಿಂತೆ ಹೇಳಲು ಹೋಗುವುದು ಸುಲಭವೂ ಅಲ್ಲ. ಆದರೆ “ಸಮುದ್ರಕ್ಕೆ ವ್ಯರ್ಥವಾಗಿ ಹರಿಯುವ ನೀರು” ಎಂಬ ಮಾತನ್ನು ವೇದಿಕೆಗಳಲ್ಲಿ ಕೇಳಿದಾಗ, ಆ ನೀರಿನ ತುದಿಯಲ್ಲಿ ಬುಟ್ಟಿ ಹಿಡಿದು ನಿಂತವರೂ ಇದ್ದಾರೆಂಬುದು ನೆನಪಿರಬೇಕು. ಬೇರೆಯವರ ಹೊಳೆಯಿಂದ ಬರುವ ಪ್ರತಿ ಕೊಡಕ್ಕೂ ಒಂದು ಬೆಲೆಯಿದೆ ಎಂದು ತಿಳಿದವರು ತಮ್ಮ ರಾಜಕಾಲುವೆಯ ಹೂಳನ್ನು ಮೊದಲು ತೆಗೆದಾರು, ತಮ್ಮೂರಿಗೆ ಬಿದ್ದ ಮಳೆಯನ್ನು ಮೊದಲು ಹಿಡಿದಾರು.

ವಾಪಸು ಹೊರಟಾಗ ತಾತ ಬೆಂಡಿನ ಜೊತೆಗೆ ಆ ಸೀಸದ ಗುಂಡನ್ನೂ ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡರು. ವೇಮಗಲ್‌ನ ನಿಂತ ನೀರಿನಲ್ಲಿ ಅದರ ಉಪಯೋಗವೇನೂ ಇಲ್ಲ. ಹರಿಯುವ ನೀರಿನ ಗುರುತಿಗೆ ಇರಲಿ ಎಂದರು.